ಮೋಡಕ್ಕೆ ಭವಿಷ್ಯ ಕೇಳುವವರಿಗೆ

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಠಾಣೆ, ಡೊಂಬಿವಲಿ, ಕಲ್ಯಾಣಗಳ ನಮ್ಮವರ ಮನೆಗಳಲ್ಲಿ ಏಳುವುದು ಒಂದೇ ಪ್ರಶ್ನೆ: ಮುಂದೇನು? ಇದಕ್ಕೆ ಹೊಸ ಉತ್ತರವೊಂದನ್ನು ಈಗ ಮುಂದಿಡಲಾಗುತ್ತಿದೆ. ಮಕ್ಕಳು ಸಾಮಾಜಿಕ ಜಾಲತಾಣದಲ್ಲಿ ಏನು ನೋಡಿದರು, ಏನು ಮೆಚ್ಚಿದರು, ಯಾರನ್ನು ಹಿಂಬಾಲಿಸಿದರು ಎಂಬುದನ್ನೆಲ್ಲ ಕ್ಲೌಡಿನಲ್ಲಿ ಜರಡಿ ಹಿಡಿದರೆ ಅವರಿಗೊಪ್ಪುವ ವೃತ್ತಿ ತಾನಾಗಿ ತೋರುವುದಂತೆ. ಜಾತಕದ ಬದಲು ಮೊಬೈಲು! ನಮ್ಮ ಸಂಘಗಳು ಇಂಥ ಯೋಜನೆಗೆ ಬಾಗಿಲು ತೆರೆಯಕೂಡದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಆ ಮೆಚ್ಚುಗೆಗಳ ಬೆಲೆಯಾದರೂ ಎಷ್ಟು? ಕಲ್ಯಾಣದ ಲೋಕಲಿನಲ್ಲಿ ಒಂಟಿಕಾಲಲ್ಲಿ ನಿಂತ ಹುಡುಗಿ ಬೆರಳಾಡಿಸುತ್ತ ಹೋಗುವುದು ದಣಿವಿನಿಂದ; ಅದು ಅವಳ ಅಭಿರುಚಿಯ ದಾಖಲೆಯಲ್ಲ. ಮನೆಗೆಲ್ಲ ಒಂದೇ ಫೋನಿದ್ದರೆ ಅಜ್ಜನ ಯಕ್ಷಗಾನ, ತಮ್ಮನ ಕ್ರಿಕೆಟ್ಟು, ಅಮ್ಮನ ಅಡುಗೆ ಎಲ್ಲವೂ ಅವಳ ಲೆಕ್ಕಕ್ಕೇ ಜಮೆ. ಅದಕ್ಕಿಂತ ಮುಖ್ಯವಾಗಿ, ಜಾಲತಾಣವು ತಾನೇ ಆರಿಸಿ ತೋರಿಸಿದ್ದನ್ನು ಅವಳು ನೋಡುತ್ತಾಳೆ. ನೋಡಿದ್ದನ್ನೇ ಅವಳ ಆಸಕ್ತಿಯೆಂದು ಮತ್ತೆ ಅಳೆಯುವುದು ಕನ್ನಡಿಯೊಳಗಿನ ಗಂಟನ್ನು ತೂಗಿದಂತೆ.

ಇದರಲ್ಲಿ ವಿಜ್ಞಾನವೇ ಇಲ್ಲವೆಂದು ನಾವು ಹೇಳುವುದಿಲ್ಲ. ಫೇಸ್‌ಬುಕ್ಕಿನ ಲೈಕುಗಳಿಂದ ವ್ಯಕ್ತಿಯ ರಾಜಕೀಯ ಒಲವು, ಸ್ವಭಾವಗಳನ್ನು ಊಹಿಸಬಹುದೆಂದು 2013ರಲ್ಲೇ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದರು. ಹೆದರಬೇಕಾದದ್ದು ಈ ಕಾರಣಕ್ಕೇ. ಸ್ವಭಾವಪರೀಕ್ಷೆಯ ನೆಪದ ಒಂದು ಆ್ಯಪಿನಿಂದ 8.7 ಕೋಟಿ ಜನರವರೆಗಿನ ಮಾಹಿತಿ ಕೇಂಬ್ರಿಡ್ಜ್ ಅನಲಿಟಿಕಾ ಸಂಸ್ಥೆಯ ಕೈಸೇರಿರಬಹುದೆಂದು 2018ರಲ್ಲಿ ಫೇಸ್‌ಬುಕ್ಕೇ ಹೇಳಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದವರ ನಡವಳಿಕೆಯ ಮೇಲೆ ನಿಗಾ ಇಡುವುದನ್ನು ಸಾಮಾನ್ಯವಾಗಿ ನಿಷೇಧಿಸಿದೆ. ಹತ್ತನೆಯ ತರಗತಿಯವರಿಗೆ ಹದಿನೆಂಟು ತುಂಬಿರುತ್ತದೆಯೆ?

ಮಹಾರಾಷ್ಟ್ರದಲ್ಲಿ 2016ರಿಂದ ಕೆಲವು ವರ್ಷ ನಡೆದ ‘ಕಲ್ ಚಾಚಣಿ’ ನಿಮಗೆ ನೆನಪಿರಬಹುದು. ಅದರ ಕುಂದುಕೊರತೆ ಏನೇ ಇರಲಿ, ಅದು ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿ ಕೇಳಿತು. ಬೆನ್ನ ಹಿಂದೆ ನಿಂತು ಇಣುಕಲಿಲ್ಲ.

ಇನ್ನು ಆ ಕ್ಲೌಡ್. ಅದು ಆಕಾಶದಲ್ಲಿಲ್ಲ. ಠಾಣೆಯಿಂದ ವಾಶಿಗೆ ಹೋಗುವ ದಾರಿಯಲ್ಲಿ, ಐರೋಲಿ, ರಬಾಳೆ, ಮಹಾಪೆಗಳಲ್ಲಿ, ಹಿಂದೆ ರಾಸಾಯನಿಕ ಕಾರ್ಖಾನೆಗಳಿಗೆ ಹೆಸರಾಗಿದ್ದ ಪಟ್ಟಿಯಲ್ಲೇ ದತ್ತಾಂಶ ಕೇಂದ್ರಗಳಾಗಿ ನಿಂತಿದೆ. ಅವುಗಳಿಗೆ ಹಗಲಿರುಳು ವಿದ್ಯುತ್ತು ಬೇಕು, ತಂಪು ಬೇಕು; ಅವನ್ನು ನೋಡಿಕೊಳ್ಳಲು ಐಟಿಐ, ಡಿಪ್ಲೊಮಾ ಓದಿದವರೂ ಬೇಕು. ತಂಪುಯಂತ್ರಕ್ಕೆ ಲೈಕ್ ಒತ್ತಿದ ಹುಡುಗನನ್ನು ನಾವಂತೂ ಕಂಡಿಲ್ಲ. ಹಾಗಿರುವಾಗ, ಮನೆಯಿಂದ ಅರ್ಧ ಗಂಟೆಯ ದೂರದಲ್ಲಿರುವ ಈ ಕೆಲಸವನ್ನು ಲೈಕುಗಳ ಲೆಕ್ಕವು ಅವನಿಗೆ ಹೇಗೆ ತೋರಿಸೀತು? ಕಂಡದ್ದನ್ನಷ್ಟೇ ಮೆಚ್ಚಲು ಸಾಧ್ಯ. ಅವನು ಕಾಣದ ದಾರಿಯನ್ನು ತೋರುವುದೇ ಮಾರ್ಗದರ್ಶನ.

ಮುಂಬಯಿಯ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕೆ? ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದು ಸಂಜೆ ಮೊಗವೀರ ರಾತ್ರಿಶಾಲೆಯಂಥ ಕಡೆ ಓದಿದ ಹುಡುಗರ ದಿನಚರಿಯನ್ನು ಯಂತ್ರಕ್ಕೆ ಉಣಿಸಿದ್ದರೆ, ಅದು ಅವರಿಗೆ ತಟ್ಟೆ ತೊಳೆಯುವುದೇ ಒಪ್ಪುತ್ತದೆ ಎನ್ನುತ್ತಿತ್ತು. ಅವರಲ್ಲಿ ಎಷ್ಟೋ ಮಂದಿ ಬ್ಯಾಂಕು, ಕಚೇರಿ, ಕೋರ್ಟುಗಳಿಗೆ ಏರಿದ್ದು, ಊರಿನವರೊಬ್ಬರು ಕೈಹಿಡಿದು ಕರೆದೊಯ್ದು ಹೆಸರು ಬರೆಸಿದ್ದರಿಂದ.

ಡೊಂಬಿವಲಿಯ ಕರ್ನಾಟಕ ಸಂಘಕ್ಕೆ ತನ್ನದೇ ಮಂಜುನಾಥ ವಿದ್ಯಾಲಯವಿದೆ. ಇತರ ಸಂಘಗಳಿಗೆ ಸಭಾಗೃಹವೋ ಬಾಡಿಗೆಯ ಕೋಣೆಯೋ ಇದೆ. ಫಲಿತಾಂಶದ ಬಳಿಕ ಎರಡು ಭಾನುವಾರ ಸನ್ಮಾನದ ಶಾಲು ಹಾರಗಳನ್ನು ಬದಿಗಿಟ್ಟು, ನಮ್ಮವರೇ ಆದ ದಾದಿಯರು, ಮೋಟರ್‌ಮನ್ನರು, ಲೆಕ್ಕಪರಿಶೋಧಕರು, ರಬಾಳೆಯಲ್ಲಿ ರಾತ್ರಿಪಾಳಿ ಮಾಡುವ ತಂತ್ರಜ್ಞರನ್ನು ಮಕ್ಕಳೆದುರು ಕೂರಿಸಲಿ. ಸಂಬಳವೆಷ್ಟು, ಕಷ್ಟವೇನು, ಅರ್ಜಿ ಎಲ್ಲಿ ಎಂದು ಮಕ್ಕಳೇ ಕೇಳಲಿ. ಸಲಹೆ ಕೊಡಲೊಪ್ಪಿದ ಹಿರಿಯರ ಹೆಸರು, ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಕ್ಲೌಡಿನಲ್ಲಿಡುವುದಾದರೆ ನಮ್ಮ ಆಕ್ಷೇಪವಿಲ್ಲ.