ಅಕ್ಕಿಯೇ ಹಣವಾಗಿದ್ದ ಕಾಲವೂ ನಮ್ಮ ಉಗ್ರಾಣಗಳೂ

ಕಾಮಸಮುದ್ರಕ್ಕೆ ಕಡಲು ಬಹು ದೂರ. ನಮ್ಮ ನಾಡಿನಲ್ಲಿ ‘ಸಮುದ್ರ’ ಎಂದು ಮುಗಿಯುವ ಊರ ಹೆಸರುಗಳು ಸಾಮಾನ್ಯವಾಗಿ ಕೆರೆಯನ್ನು ಸೂಚಿಸುತ್ತವೆ. ಜೀವನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಕೆರೆಯೆಂದರೆ ಅಚ್ಚುಕಟ್ಟು, ಅಚ್ಚುಕಟ್ಟೆಂದರೆ ಭತ್ತ, ಭತ್ತವೆಂದರೆ ಅರಮನೆಯ ಆದಾಯ. ಈ ಸರಣಿಯನ್ನು ವರ್ತಕರಾದ ನಾವು ಮರೆತಿದ್ದೇವೆ. ಅದನ್ನು ನೆನಪಿಸಿಕೊಳ್ಳುವುದರಿಂದ ಇಂದಿನ ವ್ಯವಹಾರಕ್ಕೂ ಪ್ರಯೋಜನವುಂಟು ಎಂಬುದು ಈ ಲೇಖನದ ಅಭಿಪ್ರಾಯ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಖುಷ್ಕಿ ಜಮೀನಿಗೆ ಸಾಮಾನ್ಯವಾಗಿ ನಗದು ಕಂದಾಯವಿದ್ದರೆ, ತರಿ ಜಮೀನಿನ ಭತ್ತವನ್ನು ಕಣದಲ್ಲಿಯೇ ಪಾಲು ಮಾಡುತ್ತಿದ್ದರು. ಅದೇ ‘ವಾರ’ ಅಥವಾ ‘ಬಟಾಯಿ’ ಪದ್ಧತಿ. ಸರ್ಕಾರದ ಪಾಲು, ರೈತನ ಪಾಲು, ದೇವರ ಪಾಲು, ಕೆರೆ ನೋಡುವ ನೀರುಗಂಟಿಯ ಪಾಲು, ಬಡಗಿ ಕಮ್ಮಾರರೇ ಮೊದಲಾದ ಆಯಗಾರರ ಪಾಲು, ಎಲ್ಲವೂ ಒಂದೇ ರಾಶಿಯಿಂದ ಅಳತೆಯಾಗುತ್ತಿದ್ದವು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗದ್ದೆಯ ವಿಸ್ತಾರವನ್ನೂ ಖಂಡುಗದಲ್ಲಿಯೇ ಹೇಳುತ್ತಿದ್ದರೆಂಬುದಕ್ಕೆ ನಮ್ಮ ಶಾಸನಗಳೇ ಸಾಕ್ಷಿ. ಅಂದರೆ ಧಾನ್ಯವು ಆಹಾರ ಮಾತ್ರವಲ್ಲದೆ ತೆರಿಗೆಯೂ ಕೂಲಿಯೂ ಭೂಮಿಯ ಅಳತೆಗೋಲೂ ಆಗಿತ್ತು.

ಇದೇ ವ್ಯವಸ್ಥೆಯನ್ನು ಇಡೀ ರಾಜ್ಯದ ಲೆಕ್ಕಾಚಾರವನ್ನಾಗಿ ಬೆಳೆಸಿದ ದೇಶ ಜಪಾನ್. ಹದಿನಾರನೆಯ ಶತಮಾನದ ಕೊನೆಯಲ್ಲಿ ತೊಯೊತೊಮಿ ಹಿದೆಯೋಶಿ ನಡೆಸಿದ ಭೂಮಾಪನದಿಂದ ಪ್ರತಿ ಊರಿನ ಉತ್ಪತ್ತಿಯೂ ‘ಕೊಕು’ ಲೆಕ್ಕದಲ್ಲಿ ದಾಖಲಾಯಿತು. ಒಂದು ಕೊಕು ಎಂದರೆ ಸುಮಾರು 180 ಲೀಟರ್. ಸ್ಥೂಲವಾಗಿ ಒಬ್ಬ ವಯಸ್ಕನ ಒಂದು ವರ್ಷದ ಅಕ್ಕಿ. ತೊಕುಗಾವಾ ಆಳ್ವಿಕೆಯಲ್ಲಿ 10,000 ಕೊಕುವಿಗೆ ಮೇಲ್ಪಟ್ಟ ಸೀಮೆಯುಳ್ಳವನೇ ‘ದೈಮ್ಯೊ’ ಎಂಬ ಸಾಮಂತ. ಯೋಧರಾದ ಸಮುರಾಯ್‌ಗಳ ಸಂಬಳವೂ ಬಹುಮಟ್ಟಿಗೆ ಅಕ್ಕಿಯೇ.

ಆದರೆ ಎಣ್ಣೆ, ಬಟ್ಟೆ, ಕಾಗದಗಳಿಗೆ ನಾಣ್ಯ ಬೇಕಲ್ಲವೆ? ಆದ್ದರಿಂದ ಸಾಮಂತರು ತಮ್ಮ ಅಕ್ಕಿಯನ್ನು ಒಸಾಕಾ ನಗರದ ಉಗ್ರಾಣಗಳಿಗೆ ಸಾಗಿಸಿ ಮಾರುತ್ತಿದ್ದರು. ಕೊಂಡವನಿಗೆ ಮೂಟೆಯ ಬದಲು ಮೊದಲು ದೊರೆಯುತ್ತಿದ್ದುದು ಉಗ್ರಾಣದ ರಸೀದಿ. ಆ ರಸೀದಿ ಕೈಯಿಂದ ಕೈಗೆ ಮಾರಾಟವಾಗುತ್ತಿತ್ತು. ಅದನ್ನು ಅಡವಿಟ್ಟು ಸಾಲವನ್ನೂ ಪಡೆಯಬಹುದಾಗಿತ್ತು. ಒಸಾಕಾದ ದೊಜಿಮಾ ಅಕ್ಕಿಪೇಟೆಯ ಮುಂಗಡ ವ್ಯಾಪಾರಕ್ಕೆ 1730ರಲ್ಲಿ ಸರ್ಕಾರದ ಮನ್ನಣೆಯೂ ದೊರೆಯಿತು. ಜಗತ್ತಿನ ಮೊದಲ ವ್ಯವಸ್ಥಿತ ವಾಯಿದಾ ಪೇಟೆಗಳಲ್ಲಿ ಅದನ್ನು ಎಣಿಸುತ್ತಾರೆ.

ಆ ಪದ್ಧತಿ ದೋಷರಹಿತವಾಗಿರಲಿಲ್ಲ. ಬೆಳೆ ಸಮೃದ್ಧವಾದ ವರ್ಷ ಅಕ್ಕಿಯ ಬೆಲೆ ಕುಸಿದು, ಅಕ್ಕಿಯನ್ನೇ ಸಂಬಳವಾಗಿ ಪಡೆಯುವವನು ಬಡವನಾಗುತ್ತಿದ್ದನು. ಕೆಲವು ಸಾಮಂತರು ಉಗ್ರಾಣದಲ್ಲಿ ಇಲ್ಲದ ಅಕ್ಕಿಗೂ ರಸೀದಿ ಬರೆದರು; ಪೇಟೆಯ ನಂಬಿಕೆ ಕದಡಿತು; ಸರ್ಕಾರ ನಿಷೇಧ ಹೊರಡಿಸಬೇಕಾಯಿತು. ಕೊನೆಗೆ 1873ರ ಸುಧಾರಣೆಯು ಭೂಮಿಯ ಮೌಲ್ಯದ ಶೇಕಡ 3ರಷ್ಟು ನಗದು ತೆರಿಗೆಯನ್ನು ಜಾರಿಗೆ ತಂದು ಅಕ್ಕಿಯ ತೆರಿಗೆಯನ್ನು ಕೊನೆಗಾಣಿಸಿತು.

ನಮ್ಮಲ್ಲಿಯೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಬದಲಾವಣೆಯಾಯಿತು. ಕಮಿಷನರರ ಆಡಳಿತದಲ್ಲಿ ಬಟಾಯಿ ಕ್ರಮೇಣ ನಗದಿಗೆ ತಿರುಗಿತು. 1863ರಲ್ಲಿ ಆರಂಭವಾದ ರೆವಿನ್ಯೂ ಸರ್ವೆಯು ಅದನ್ನು ಸ್ಥಿರಗೊಳಿಸಿತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂದಿತು. ಕಮಿಷನರ್ ಬೌರಿಂಗ್ ಅವರ ಹೆಸರಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ಧಾನ್ಯದ ಪೇಟೆಯಾಗಿ ಬೆಳೆಯಿತು. ಲಾಭವಾಯಿತು, ನಿಜ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪಾಲಿನ ಪದ್ಧತಿಯಲ್ಲಿ ಬೆಲೆ ಇಳಿದರೆ ನಷ್ಟವು ಸರ್ಕಾರಕ್ಕೂ ತಟ್ಟುತ್ತಿತ್ತು. ನಗದು ಕಂದಾಯದಲ್ಲಿ ಆ ಹೊರೆ ಸಂಪೂರ್ಣವಾಗಿ ರೈತನ ಮೇಲೆ ಬಿದ್ದಿತು. ಕಂತಿನ ದಿನ ಬಂದಾಗ ಅವನು ಸಿಕ್ಕಿದ ಬೆಲೆಗೆ ಮಾರಲೇಬೇಕಾಯಿತು.

ಜಪಾನಿನಲ್ಲಿ ಉಗ್ರಾಣವೂ ಅದರ ರಸೀದಿಯೂ ಇದ್ದವು. ನಮ್ಮಲ್ಲಿ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಕಾಯುವ ಹಗೇವು ಇತ್ತು. ಆದರೆ ಹಗೇವಿನ ರಾಗಿಗೆ ಪೇಟೆಯಲ್ಲಿ ನಡೆಯುವ ರಸೀದಿ ಇರಲಿಲ್ಲ. ಕೂಡಿಟ್ಟ ಧಾನ್ಯ ಹೊಟ್ಟೆ ತುಂಬಿಸಿತೇ ವಿನಾ ಬಂಡವಾಳವಾಗಲಿಲ್ಲ.

ಈ ಕೊರತೆಯನ್ನು ತುಂಬುವ ಕಾನೂನು ಈಗ ನಮ್ಮ ಬಳಿ ಇದೆ. 2007ರ ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯಿದೆಯಂತೆ 2010ರಲ್ಲಿ ಪ್ರಾಧಿಕಾರ ಸ್ಥಾಪನೆಯಾಯಿತು. 2017ರಿಂದ ವಿದ್ಯುನ್ಮಾನ ರಸೀದಿ ಬಂದಿದೆ. ನೋಂದಾಯಿತ ಉಗ್ರಾಣದಲ್ಲಿ ಧಾನ್ಯವನ್ನಿಟ್ಟು, ಆ ರಸೀದಿಯ ಆಧಾರದ ಮೇಲೆ ಬ್ಯಾಂಕಿನಿಂದ ಸಾಲ ಪಡೆಯಬಹುದು. ಇಂತಹ ಸಾಲಗಳಿಗಾಗಿ 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು 1,000 ಕೋಟಿ ರೂಪಾಯಿಗಳ ಖಾತರಿ ನಿಧಿಯನ್ನೂ ಪ್ರಕಟಿಸಿತು.

ಸುಗ್ಗಿಯಲ್ಲಿ ಅಗ್ಗವಾಗಿ ಕೊಳ್ಳುವುದೇ ವರ್ತಕನ ಲಾಭವಾಗಿರುವಾಗ ರೈತನಿಗೆ ರಸೀದಿ ಏಕೆ ಎಂದು ಕೆಲವರು ಕೇಳಬಹುದು. ಆ ಲಾಭಕ್ಕಾಗಿ ಎರಡು ತಿಂಗಳಲ್ಲಿ ವರ್ಷದ ದಾಸ್ತಾನನ್ನು ಕೊಂಡು, ಬಡ್ಡಿಯ ಹಣವನ್ನು ಮೂಟೆಗಳಲ್ಲಿ ಹುದುಗಿಸಿಡುವವರೂ ನಾವೇ ಅಲ್ಲವೆ? ಧಾನ್ಯವು ವರ್ಷವಿಡೀ ಹದವಾಗಿ ಪೇಟೆಗೆ ಬಂದರೆ ಗಿರಣಿಯೂ ಹೆಚ್ಚು ದಿನ ನಡೆಯುತ್ತದೆ. ನಮ್ಮ ಸ್ವಂತ ದಾಸ್ತಾನೂ ರಸೀದಿಯ ಮೂಲಕ ದುಡಿಯುವ ಬಂಡವಾಳವಾಗುತ್ತದೆ.

ಆದುದರಿಂದ ಮೂರು ಸಲಹೆಗಳು. ಒಂದು, ಸ್ಥಳಾವಕಾಶವುಳ್ಳ ಗಿರಣಿ ಹಾಗೂ ಗೋದಾಮುಗಳ ಮಾಲೀಕರು ಪ್ರಾಧಿಕಾರದ ನೋಂದಣಿಗೆ ಮುಂದಾಗಬೇಕು. ಎರಡು, ತೇವಾಂಶ ಮತ್ತು ದರ್ಜೆಯ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಅಳತೆ ಇರಬೇಕು. ಊರಿಗೊಂದು ಕೊಳಗವಿದ್ದ ಕಾಲ ಮರಳಬಾರದು. ಮೂರು, ರಾಗಿಯ ಕೊಯ್ಲಿಗೆ ಮುಂಚೆಯೇ ನಮ್ಮ ಸಂಸ್ಥೆಯು ಬ್ಯಾಂಕುಗಳ ವ್ಯವಸ್ಥಾಪಕರನ್ನೂ ರೈತರ ಪ್ರತಿನಿಧಿಗಳನ್ನೂ ಒಂದೆಡೆ ಸೇರಿಸಬೇಕು.

ಕೆ.ಜಿ.ಎಫ್. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಈ ಸೀಮೆಗೆ ಉಳಿದಿರುವುದು ಕೆರೆ, ಕಾಳು ಮತ್ತು ವ್ಯಾಪಾರದ ನಂಬಿಕೆ. ಒಸಾಕಾದ ಕಾಗದಕ್ಕೆ ಬೆಲೆ ಬಂದದ್ದು ಅದರ ಹಿಂದೆ ನಿಜವಾದ ಅಕ್ಕಿ ಇದ್ದಷ್ಟು ದಿನ ಮಾತ್ರ. ನಮ್ಮ ಉಗ್ರಾಣಗಳು ಕೊಡುವ ಪ್ರತಿ ರಸೀದಿಯ ಹಿಂದೆಯೂ ತೂಕ ತಪ್ಪದ ಮೂಟೆ ಇರುವಂತೆ ನೋಡಿಕೊಳ್ಳುವುದು ವರ್ತಕ ಬಂಧುಗಳ ಹೊಣೆ.