ಊರಿನ ಅಗಸಿ, ಹೆಸರಿನ ಅಗಸಿ

ಬೆಳಗಾವಿ–ಮೀರಜ ರೈಲುಮಾರ್ಗದಲ್ಲಿ ‘ಚಿಕ್ಕೋಡಿ ರೋಡ್’ ಎಂಬ ನಿಲ್ದಾಣವುಂಟು. ಹೆಸರನ್ನು ನಂಬಿ ಅಲ್ಲಿಳಿದ ಹೊಸಬರು ಊರೆಲ್ಲಿ ಎಂದು ಸುತ್ತಲೂ ನೋಡುತ್ತಾರೆ. ಊರು ಅಲ್ಲಿಲ್ಲ, ಮುಂದೆ ಬಸ್ಸನ್ನೋ ಟಂಟಂ ಗಾಡಿಯನ್ನೋ ಹಿಡಿಯಬೇಕು. ಇದರಿಂದಾಗುವ ನಷ್ಟ ಕೊಂಚ ಹೊತ್ತು, ಕೊಂಚ ಬೇಸರ, ಅಷ್ಟೆ. ಆದರೆ ಬ್ಯಾಂಕಿನ ಹೆಸರನ್ನು ಒತ್ತಿದವರಿಗೆ ಬೇರೆಲ್ಲಿಯದೋ ಠಿಕಾಣಿ ದೊರೆತರೆ?

ಗಣಕಯಂತ್ರಗಳು ಒಂದನ್ನೊಂದು ಹುಡುಕುವುದು ಅಂಕಿಗಳಿಂದ. ಹೆಸರುಗಳು ಬೇಕಾದದ್ದು ನಮಗೆ. ಹೆಸರು ಹೇಳಿದರೆ ಅಂಕಿಯ ವಿಳಾಸವನ್ನು ತಿಳಿಸುವ ಸೇವಕನಿಗೆ ನೇಮ್ ಸರ್ವರ್ ಎನ್ನುತ್ತಾರೆ. ಮೊದಮೊದಲು ಅಮೆರಿಕೆಯ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲ್ಲ ಹೆಸರುಗಳಿಗೂ ಒಂದೇ ಪಟ್ಟಿಯಿತ್ತು. ಅದು ಬೆಳೆದು ಭಾರವಾಗಲು, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬುವರು ಈ ಕೆಲಸವನ್ನು ಹಲವು ಯಂತ್ರಗಳಿಗೆ ಹಂಚಿಕೊಡುವ ಏರ್ಪಾಟನ್ನು ರಚಿಸಿದರು. ಇಂದು ಅಂಥದೊಂದು ಪುಟ್ಟ ಸೇವಕ ನಮ್ಮ ಗೋಡೆಗೆ ತೂಗುಹಾಕಿದ ರೂಟರಿನೊಳಗೇ ಕುಳಿತಿರುತ್ತಾನೆ. ನಿಪ್ಪಾಣಿಯ ತಂಬಾಕಿನ ವಖಾರಿಯಾಗಲಿ, ಅಥಣಿಯ ಪತ್ತಿನ ಸಂಘವಾಗಲಿ, ರಾಯಬಾಗದ ಶಾಲೆಯಾಗಲಿ, ಕಾಗವಾಡದಲ್ಲಿ ಮೊಮ್ಮಕ್ಕಳ ಮುಖವನ್ನು ಪರದೆಯ ಮೇಲೆ ಕಾಣುವ ಅಜ್ಜಿಯ ಮನೆಯಾಗಲಿ, ಎಲ್ಲೆಲ್ಲಿಯೂ ಇವನದೇ ಊಳಿಗ.

ಇವನ ವಿಷಯದಲ್ಲಿ ಕೇಳಬೇಕಾದದ್ದು ಎರಡು ಮಾತು. ಇವನನ್ನು ಯಾರು ಪ್ರಶ್ನಿಸಬಹುದು? ತನಗೆ ತಿಳಿಯದಿದ್ದಾಗ ಇವನು ಯಾರನ್ನು ಕೇಳುತ್ತಾನೆ?

ನಮ್ಮ ಹಿಂದಿನ ಊರುಗಳಿಗೆ ಅಗಸಿಯಿತ್ತು. ಕತ್ತಲಾದ ಮೇಲೆ ಕದ ಮುಚ್ಚುತ್ತಿತ್ತು. ಮುಚ್ಚಿರೆಂದು ದಿನವೂ ಯಾರೂ ಹೇಳಬೇಕಾಗಿರಲಿಲ್ಲ. ಮನೆಯ ನೇಮ್ ಸರ್ವರ್ ಸಹ ಮನೆಯೊಳಗಿನವರಿಗಷ್ಟೇ ಉತ್ತರ ಕೊಡತಕ್ಕದ್ದು. ಹೊರಗಿನವರಿಗೂ ಕೊಟ್ಟರೆ ನಮ್ಮ ಗಂಟೇನು ಹೋಯಿತು ಎನ್ನುವಿರಾ? ಒಬ್ಬನು ನಿಮ್ಮ ನೆರೆಯವರ ವಿಳಾಸವನ್ನು ತನ್ನದೆಂದು ಬರೆದು, ನೂರಾರು ಅಂಗಡಿಗಳಿಗೆ ಬೆಲೆಪಟ್ಟಿ ಕಳುಹಿಸಿರೆಂದು ಕಾರ್ಡು ಹಾಕಿದನೆನ್ನೋಣ. ಕಾರ್ಡು ಚಿಕ್ಕದು, ಬರುವ ಕಟ್ಟು ದೊಡ್ಡದು. ಪಾಪ, ನೆರೆಯವರ ಬಾಗಿಲೇ ಮುಚ್ಚಿಹೋಗುತ್ತದೆ. ಇಲ್ಲಿಯೂ ಹಾಗೆಯೇ. ಪ್ರಶ್ನೆಯ 28ರಿಂದ 54 ಪಟ್ಟು ದೊಡ್ಡ ಉತ್ತರವನ್ನು ಹೀಗೆ ಮೂರನೆಯವರ ಮೇಲೆ ಸುರಿಯಬಹುದು. 2013ರ ಮಾರ್ಚಿನಲ್ಲಿ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆಯ ಮೇಲೆ ಸೆಕೆಂಡಿಗೆ ಸುಮಾರು 300 ಗಿಗಾಬಿಟ್‌ಗಳ ಪ್ರವಾಹ ಹರಿದದ್ದು, ಹೀಗೆ ಕದ ತೆರೆದಿಟ್ಟ ಸಾವಿರಾರು ಸೇವಕರ ಮುಖಾಂತರವೇ.

ಕದ ತೆರೆದವರಲ್ಲಿ ಹೆಚ್ಚಿನವರು ದುಷ್ಟರಲ್ಲ. ಪೆಟ್ಟಿಗೆಯಿಂದ ತೆಗೆದಾಗ ಹೇಗಿತ್ತೋ ಹಾಗೆಯೇ ಬಿಟ್ಟವರು. ಆದುದರಿಂದ ಹೊಣೆ ಮೊದಲು ತಯಾರಕರದು ಎಂಬುದೇ ನನ್ನ ಅಭಿಪ್ರಾಯ. ಒಳ್ಳೆಯ ತಯಾರಕರು ಇದನ್ನು ಮನಗಂಡಿದ್ದಾರೆ. ‘ಬೈಂಡ್’ ಎಂಬ ಹಳೆಯ, ಪ್ರಖ್ಯಾತ ತಂತ್ರಾಂಶವು 2007ರಲ್ಲಿ, ಒಡೆಯನು ಬೇರೆ ಹೇಳದ ಹೊರತು ತನ್ನ ಜಾಲದವರಿಗಷ್ಟೇ ಹುಡುಕಿಕೊಡುವಂತೆ ಬದಲಾಯಿತು. ಸೈಮನ್ ಕೆಲ್ಲಿಯವರ ‘ಡಿಎನ್‌ಎಸ್‌ಮಾಸ್ಕ್’ ಎಂಬುದರಲ್ಲಿಯೂ ಅಂಥದೇ ಕಾವಲಿನ ಒಂದು ಸಾಲು ಉಂಟು. ಆದರೆ ಒಂದು ಸೂಕ್ಷ್ಮವನ್ನು ನೆನಪಿಡಬೇಕು: ಯಾವ ತಂತಿಯಲ್ಲಿ ಅಥವಾ ಯಾವ ವಿಳಾಸದಲ್ಲಿ ಕಿವಿಗೊಡಬೇಕೆಂದು ನಾವು ಕೈಯಾರೆ ಬರೆದೊಡನೆ ಆ ಕಾವಲು ಸದ್ದಿಲ್ಲದೆ ಹಿಂದೆ ಸರಿಯುತ್ತದೆ, ನೀವೇ ನೋಡಿಕೊಳ್ಳುವಿರೆಂದು ಅದು ಭಾವಿಸುತ್ತದೆ. ಅರ್ಧ ಬಲ್ಲವರ ಕೈಯಲ್ಲಿ ಕದ ತೆರೆದುಕೊಳ್ಳುವುದು ಇಲ್ಲಿಯೇ.

ಎರಡನೆಯ ಮಾತು ನೇರವಾಗಿ ನಮ್ಮ ಗಂಟಿಗೇ ಸಂಬಂಧಿಸಿದ್ದು. ‘ಡಿಎನ್‌ಎಸ್ ಚೇಂಜರ್’ ಎಂಬ ಕೇಡಿನ ತಂತ್ರಾಂಶವು ನೂರಕ್ಕೂ ಮಿಕ್ಕ ದೇಶಗಳಲ್ಲಿ ಸುಮಾರು 40 ಲಕ್ಷ ಗಣಕಯಂತ್ರಗಳನ್ನು ಹಿಡಿದು, ಹೆಸರು ಕೇಳಬೇಕಾದ ಹಿರಿಯನನ್ನೇ ಬದಲಿಸಿಬಿಟ್ಟಿತ್ತು. ತಯಾರಕರು ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ರೂಟರುಗಳೂ ಅದಕ್ಕೆ ತುತ್ತಾದವು. 2011ರ ನವೆಂಬರಿನಲ್ಲಿ ಅಮೆರಿಕೆಯ ಪೊಲೀಸರು ಆ ತಂಡವನ್ನು ಬಯಲಿಗೆಳೆದರು. ಆದರೂ ಕಳ್ಳರ ಸರ್ವರುಗಳ ಜಾಗದಲ್ಲಿ ಒಳ್ಳೆಯವನ್ನು ಇರಿಸಿ 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ಇಲ್ಲದಿದ್ದರೆ ಮೋಸಹೋದವರಿಗೆ ಅಂತರಜಾಲವೇ ಕಾಣದಂತಾಗುತ್ತಿತ್ತು.

ಇಂದು ಬ್ಯಾಂಕಿನ ಪುಟಗಳಿಗೆ ಪ್ರಮಾಣಪತ್ರದ ರಕ್ಷಣೆಯಿದೆ. ಠಿಕಾಣಿ ತಪ್ಪಿದರೆ ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ. ಆದರೆ ಅವಸರದಲ್ಲಿ ‘ಪರವಾಗಿಲ್ಲ, ಮುಂದೆ ಹೋಗು’ ಎಂದು ಒತ್ತುವ ಬೆರಳಿಗೆ ಯಾವ ರಕ್ಷಣೆಯೂ ಇಲ್ಲ!

ಹಾಗಾದರೆ ಮಾಡತಕ್ಕದ್ದೇನು? ವೈ-ಫೈ ಪಾಸ್‌ವರ್ಡ್ ಬೇರೆ, ರೂಟರಿನ ಒಳಗೆ ಹೋಗುವ ಪಾಸ್‌ವರ್ಡ್ ಬೇರೆ. ಎರಡನೆಯದನ್ನು ಬದಲಿಸುವವರೇ ಅಪರೂಪ. ಅದನ್ನು ಮೊದಲು ಬದಲಿಸಿರಿ. ಅನಂತರ ಜೋಡಿಸಿಕೊಟ್ಟ ಹುಡುಗನನ್ನು ಕರೆದು, ಚಹ ಕೊಟ್ಟು, ಕೇಳಿರಿ: “ತಮ್ಮಾ, ಹೊರಗಿನಿಂದ ಯಾರಾದರೂ ಇದರ ಒಳಗೆ ಬಂದು ತಿದ್ದುವಂತಿದೆಯೇನಪ್ಪಾ? 53ನೆಯ ಪೋರ್ಟು ಹೊರಕ್ಕೆ ತೆರೆದಿದೆಯೇ? ಡಿಎನ್‌ಎಸ್ ಎಂಬಲ್ಲಿ ಬರೆದ ಅಂಕಿ ಯಾರದು?” ಅವನು ತಲೆ ಕೆರೆದುಕೊಂಡರೆ ಕಂಪನಿಗೆ ಫೋನು ಮಾಡಿಸಿರಿ. ತಂತ್ರಾಂಶದ ಹೊಸ ಆವೃತ್ತಿ ಬಂದಿದ್ದರೆ ಅದೇ ಕೂತಲ್ಲಿಯೇ ಹಾಕಿಸಿಬಿಡಿ.

ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ರೂಟರಿನ ಮೈಗೇ ಅಂಟಿಸುವವರುಂಟು. ಅದಕ್ಕಿಂತ ಕಿರಾಣಿ ಲೆಕ್ಕದ ಪುಸ್ತಕದ ಕೊನೆಯ ಹಾಳೆ ಮೇಲು. ಅದನ್ನು ಮನೆಯೊಡತಿಯಲ್ಲದೆ ಬೇರೆ ಯಾರೂ ತೆರೆಯುವುದಿಲ್ಲ.