ಮನೆಯೊಳಗಿನ ಪಂಚಾಂಗ ಶ್ರವಣ

ಕೃಷ್ಣೆಯೂ ತುಂಗಭದ್ರೆಯೂ ಸಂಗಮಿಸುವುದಕ್ಕೆ ಮುನ್ನ ತಮ್ಮ ನಡುವೆ ಬಿಟ್ಟಿರುವ ಭೂಭಾಗವನ್ನು ಜನರು ನಡಿಗಡ್ಡೆಯೆಂದು ಕರೆಯುತ್ತಾರೆ. ಗದ್ವಾಲ, ಐಜ, ಮಾನೋಪಾಡು, ಆಲಂಪುರಗಳನ್ನೊಳಗೊಂಡ ಈ ನೆಲವು ಹೈದರಾಬಾದು ರಾಜ್ಯದ ಕಾಲದಲ್ಲಿ ರಾಯಚೂರು ಜಿಲ್ಲೆಯ ಅಂಗವಾಗಿದ್ದು, 1956ರ ನವೆಂಬರ್ 1ರಂದು ಭಾಷಾನುಗುಣವಾಗಿ ರಾಜ್ಯಗಳು ಪುನರ್ವಿಂಗಡಣೆಗೊಂಡಾಗ ಮಹಬೂಬನಗರ ಜಿಲ್ಲೆಯೊಡನೆ ಆಂಧ್ರಪ್ರದೇಶಕ್ಕೆ ಸಂದಿತು. 2014ರಲ್ಲಿ ತೆಲಂಗಾಣ ರಾಜ್ಯವೂ, 2016ರ ಅಕ್ಟೋಬರ್ 11ರಂದು ಜೋಗುಳಾಂಬಾ ಗದ್ವಾಲ ಜಿಲ್ಲೆಯೂ ರೂಪುಗೊಂಡುವು. ಇಷ್ಟೆಲ್ಲ ಸ್ಥಾನಾಂತರಗಳಾದರೂ ಇಲ್ಲಿಯ ಕನ್ನಡ ಮನೆತನಗಳ ವರ್ಷಾರಂಭಕ್ಕೆ ಯಾವ ವ್ಯತ್ಯಯವೂ ಒದಗಲಿಲ್ಲ. ಏಕೆಂದರೆ ಚೈತ್ರ ಶುದ್ಧ ಪಾಡ್ಯಮಿಯು ಕನ್ನಡಿಗರಿಗೆ ಹೇಗೋ ತೆಲುಗರಿಗೂ ಹಾಗೆಯೇ ಹೊಸ ಸಂವತ್ಸರದ ಮೊದಲ ದಿನ. ನೆರೆಹೊರೆಯೆಲ್ಲವೂ ಆಚರಿಸುವ ಹಬ್ಬವು ನಷ್ಟವಾಗುವ ಭಯವಿಲ್ಲವೆಂಬ ಈ ನೆಮ್ಮದಿಯಲ್ಲಿಯೇ, ಹಬ್ಬದೊಳಗಿನ ಒಂದು ಅಂಗವು ನಮ್ಮ ಮನೆಗಳನ್ನು ಬಿಟ್ಟು ಹೊರಟಿರುವುದು ಬಹುಮಂದಿಯ ಗಮನಕ್ಕೆ ಬಾರದೆ ಹೋಗಿದೆ. ಮನೆಯ ಹಿರಿಯರು ನಡುಮನೆಯಲ್ಲಿ ಕುಳಿತು ಕನ್ನಡದಲ್ಲಿ ಪಂಚಾಂಗವನ್ನು ಓದಿ ಎಲ್ಲರಿಗೂ ಕೇಳಿಸುತ್ತಿದ್ದ ಪದ್ಧತಿಯೇ ಆ ಅಂಗ.

ಉಳಿದುಕೊಂಡಿರುವುದನ್ನು ಮೊದಲು ಹೇಳುವುದು ನ್ಯಾಯ. ಅಮಾವಾಸ್ಯೆಯ ದಿನವೇ ಮನೆಯನ್ನು ಸಾರಿಸಿ ಪಾತ್ರೆಗಳನ್ನು ಬೆಳಗಿ, ಪಾಡ್ಯಮಿಯ ನಸುಕಿನಲ್ಲಿ ಬೇವಿನ ಎಲೆ ಹಾಕಿ ಕಾಯಿಸಿದ ನೀರಿನಿಂದ ಅಭ್ಯಂಜನ ಮಾಡಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಹೊಸ ಬಟ್ಟೆಯುಟ್ಟು ಹಿರಿಯರ ಕಾಲಿಗೆರಗುವ ಕ್ರಮವು ಇಂದಿಗೂ ಕೆಟ್ಟಿಲ್ಲ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗುಗಳನ್ನು ಕೂಡಿಸಿ ನೇಯುವ ಗದ್ವಾಲದ ಸೀರೆಯು ಆ ದಿನ ಅನುಕೂಲವಿದ್ದ ಮನೆಗಳ ಹೆಣ್ಣುಮಕ್ಕಳ ಮೈಮೇಲೆ ಕಾಣಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಬೇವು ಉಳಿದಿದೆ. ನಮ್ಮ ಕಡೆಯ ಬೇವು ಮೈಸೂರು ಪ್ರಾಂತದ ಬೇವುಬೆಲ್ಲದಂತೆ ಅಂಗೈಯಲ್ಲಿ ಇಸಿದುಕೊಂಡು ಬಾಯಿಗೆ ಹಾಕಿಕೊಳ್ಳುವ ಪದಾರ್ಥವಲ್ಲ. ಲೋಟ ತುಂಬ ಕುಡಿಯತಕ್ಕ ಪಾನಕ. ಮನೆಯ ಹಿರಿಯಳು ಬೇವಿನ ಹೂವಿನ ಗೊಂಚಲುಗಳನ್ನು ಬಿಳಿಯ ಬಟ್ಟೆಯ ಮೇಲೆ ಹರವಿ, ಎರಡು ಅಂಗೈಗಳ ನಡುವೆ ಹಗುರವಾಗಿ ಉಜ್ಜಿ, ಕಡ್ಡಿಗಳನ್ನು ಮೊರದಲ್ಲಿ ಕೇರಿ ತೆಗೆದು, ಎಸಳುಗಳನ್ನಷ್ಟೇ ಉಳಿಸಿಕೊಳ್ಳುತ್ತಾಳೆ. ಹೊಸ ಗಡಿಗೆಯಲ್ಲಿ ನೆನೆಹಾಕಿದ ಹುಣಿಸೆಹಣ್ಣನ್ನು ಕಿವುಚಿ ರಸ ತೆಗೆದು, ಅದರಲ್ಲಿ ಬೆಲ್ಲವನ್ನು ಕರಗಿಸಿ, ಮಾವಿನಕಾಯಿಯ ತುರಿ, ಪುಟಾಣಿ ಹಿಟ್ಟು, ಒಣಕೊಬ್ಬರಿ, ಗಸಗಸೆ, ಉತ್ತತ್ತಿ, ದ್ರಾಕ್ಷಿಗಳನ್ನು ಕೂಡಿಸಿ, ಕಡೆಯಲ್ಲಿ ಹೂವನ್ನು ಉದುರಿಸುತ್ತಾಳೆ. "ಬೇವು ಕುಡಿಯಾಕ ಬರ್ರಿ" ಎಂದು ನೆರೆಯವರನ್ನು ಕರೆಯುವುದು, ಉಪ್ಪು ಖಾರಗಳನ್ನೂ ಕೂಡಿಸಿದ ಅವರ ಮನೆಯ ಪಚ್ಚಡಿಯು ನಮ್ಮ ಮನೆಗೆ ಬರುವುದು, ಮಧ್ಯಾಹ್ನಕ್ಕೆ ಹೋಳಿಗೆ ಶಾವಿಗೆಪಾಯಸಗಳಾಗುವುದು, ಇವುಗಳನ್ನು ಯಾರೂ ಬೋಧಿಸಬೇಕಾಗಿಲ್ಲ. ನಾಲಗೆಯ ರುಚಿಯು ತನ್ನ ಪರಂಪರೆಯನ್ನು ತಾನೇ ಕಾಪಾಡಿಕೊಳ್ಳುತ್ತದೆ.

ವ್ಯವಸಾಯವನ್ನು ನಂಬಿದ ಮನೆಗಳಿಗೆ ಈ ದಿನವು ಊಟ ಉಡುಪುಗಳನ್ನು ಮೀರಿದ ಅರ್ಥವುಳ್ಳದ್ದಾಗಿದ್ದಿತು. ನಿಜಾಮರ ಸರಕಾರದ ಕಂದಾಯದ ಕಾಗದಗಳು ಫಸಲಿ ವರ್ಷದ ಲೆಕ್ಕದಲ್ಲಿ, ಆಜೂರ್ ಮಾಸದಿಂದ ಮೊದಲ್ಗೊಂಡು ನಡೆಯುತ್ತಿದ್ದರೂ, ಅಕ್ಟೋಬರಿನ ಆ ವರ್ಷಾರಂಭವು ಕಚೇರಿಯ ಹೊಸ್ತಿಲನ್ನು ದಾಟಿ ಮನೆಗಳಿಗೆ ಬರಲಿಲ್ಲ. ಹೊಲವನ್ನು ಪಾಲಿಗೆ ಕೊಡುವುದು, ವರ್ಷದ ಆಳುಗಳ ಕರಾರು ಮುಗಿಸಿ ಹೊಸದು ಮಾಡುವುದು, ಕೊಟ್ಟು ಕೊಂಡ ಲೆಕ್ಕವನ್ನು ಒಮ್ಮೆ ತಿರುವಿಹಾಕುವುದು ಇವೆಲ್ಲ ಉಗಾದಿಯಿಂದ ಉಗಾದಿಗೆ ಸಾಗಿದುವು. ಆ ಕರಾರುಗಳ ಮರೆಯಲ್ಲಿ ಎಷ್ಟೋ ಬಡವರ ಬಾಳು ಜೀತದಲ್ಲಿ ಸವೆದುಹೋಯಿತೆಂಬುದನ್ನೂ, 1976ರ ಕಾಯಿದೆಯು ಜೀತಪದ್ಧತಿಯನ್ನು ರದ್ದುಪಡಿಸಿದ್ದು ಈ ಸೀಮೆಗೆ ಮಹೋಪಕಾರವೆಂಬುದನ್ನೂ ಇಲ್ಲಿ ಹೇಳದೆ ಮುಂದುವರಿಯುವುದು ಸರಿಯಲ್ಲ. ಹಳೆಯದರಲ್ಲಿ ಬಿಡತಕ್ಕದ್ದು ಇದೆ, ಬಿಡಬಾರದುದೂ ಇದೆ.

ಕನ್ನಡವು ಯುಗಾದಿಯ ದಿನಗಳಲ್ಲಿ ನಮ್ಮ ಸೀಮೆಗೆ ಹೊರಗಿನಿಂದಲೂ ಬರುತ್ತದೆ. ಶ್ರೀಶೈಲಕ್ಕೆ ಪೂರ್ವದಲ್ಲಿ ತ್ರಿಪುರಾಂತಕ, ದಕ್ಷಿಣದಲ್ಲಿ ಸಿದ್ಧವಟ, ಉತ್ತರದಲ್ಲಿ ಉಮಾಮಹೇಶ್ವರ, ಪಶ್ಚಿಮದಲ್ಲಿ ಆಲಂಪುರ, ಹೀಗೆ ನಾಲ್ಕು ಮಹಾದ್ವಾರಗಳೆಂದು ಪ್ರತೀತಿ. ಯುಗಾದಿಯ ಉತ್ಸವಕ್ಕೆಂದು ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರುಗಳ ಕಡೆಯಿಂದ ಲಕ್ಷೋಪಲಕ್ಷ ಭಕ್ತರು ಮಲ್ಲಯ್ಯನ ಕಂಬಿಗಳನ್ನು ಹೊತ್ತು, ಉರಿಬಿಸಿಲಿನಲ್ಲಿ ಬರಿಗಾಲಿನಿಂದ ನಮ್ಮ ಸೀಮೆಯ ದಾರಿಗಳಲ್ಲಿ ನಡೆದು, ನಲ್ಲಮಲೆಯ ಅರಣ್ಯವನ್ನು ಹಾಯ್ದು ಶ್ರೀಶೈಲವನ್ನು ಸೇರುತ್ತಾರೆ. ಭ್ರಮರಾಂಬೆಯು ತಮ್ಮ ಮನೆಯ ಮಗಳು, ಮಲ್ಲಿಕಾರ್ಜುನನು ಅಳಿಯ ಎಂಬ ಭಾವದಿಂದ ಅವರು ಅವಳಿಗಾಗಿ ತವರಿನ ಸೀರೆ, ಕುಪ್ಪಸ, ಅರಿಸಿನ ಕುಂಕುಮಗಳನ್ನು ಒಯ್ಯುತ್ತಾರೆ. ಹೊಸ ವರ್ಷದ ಮೊದಲ ದಿನ ಮಗಳನ್ನು ಕಂಡುಬರಬೇಕೆಂಬ ಸಂಸಾರಧರ್ಮವನ್ನು ದೇವತೆಯವರೆಗೂ ವಿಸ್ತರಿಸಿದ ಈ ಯಾತ್ರೆಗಿಂತ ಸುಂದರವಾದ ವರ್ಷಾರಂಭವನ್ನು ನಾನು ಅರಿಯೆ. ತೆಲುಗು ಊರುಗಳ ಜನರು ದಾರಿಯುದ್ದಕ್ಕೂ ಅವರಿಗೆ ನೀರು, ಮಜ್ಜಿಗೆ, ಅನ್ನಗಳನ್ನಿತ್ತು ಸತ್ಕರಿಸುವಾಗ, ಯಾರ ಭಾಷೆ ಯಾವುದೆಂಬ ಪ್ರಶ್ನೆಯು ಏಳುವುದಿಲ್ಲ. ರಸ್ತೆಯಲ್ಲಿ ಇಷ್ಟು ಧಾರಾಳವಾಗಿ ಕೇಳಿಬರುವ ಕನ್ನಡವು ಅದೇ ವಾರದ ಹಬ್ಬದ ದಿನ ನಮ್ಮ ನಡುಮನೆಯಲ್ಲಿ ಕೇಳಿಬಾರದೆ ಹೋಗುವುದೆಂದರೆ ನನಗೆ ಸಂಕಟವಾಗುತ್ತದೆ.

ಪಂಚಾಂಗ ಶ್ರವಣದಲ್ಲಿ ಏನಿತ್ತೆಂಬುದನ್ನು ಇಂದಿನ ಕಿರಿಯರಿಗೆ ತಿಳಿಸಬೇಕು. ಪೂಜೆಯಾದ ಬಳಿಕ, ಅರಿಸಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿದ್ದ ಹೊಸ ಪಂಚಾಂಗವನ್ನು ಮನೆಯ ಯಜಮಾನನು ಕೈಗೆತ್ತಿಕೊಂಡು, ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳನ್ನೂ, ಶಾಲಿವಾಹನ ಶಕದ ಸಂಖ್ಯೆಯನ್ನೂ, ಅರವತ್ತರ ಚಕ್ರದಲ್ಲಿ ಬಂದಿರುವ ಸಂವತ್ಸರದ ಹೆಸರನ್ನೂ ಓದುತ್ತಿದ್ದನು. ಅನಂತರ ಆ ವರ್ಷದ ರಾಜ, ಮಂತ್ರಿ, ಸೇನಾಧಿಪತಿ, ಸಸ್ಯಾಧಿಪತಿ, ಮೇಘಾಧಿಪತಿ ಮೊದಲಾದ ನವನಾಯಕರ ವಿಚಾರ. ಇದನ್ನು ಗೂಢವಿದ್ಯೆಯೆಂದು ದೂರವಿಡುವವರಿಗೆ ಇದರ ಗಣಿತವು ಎಷ್ಟು ಸರಳವೆಂಬುದು ತಿಳಿದಿರುವುದಿಲ್ಲ. ಚೈತ್ರ ಶುದ್ಧ ಪಾಡ್ಯಮಿಯು ಯಾವ ವಾರದಂದು ಬೀಳುವುದೋ ಆ ವಾರದ ಗ್ರಹವೇ ವರ್ಷದ ರಾಜ: ವಿಶ್ವಾವಸು ಸಂವತ್ಸರವು 2025ರ ಮಾರ್ಚ್ 30ರ ರವಿವಾರ ಆರಂಭವಾದುದರಿಂದ ಅದಕ್ಕೆ ರವಿಯೂ, ಪರಾಭವ ಸಂವತ್ಸರಕ್ಕೆ 2026ರ ಮಾರ್ಚ್ 19ರ ಗುರುವಾರವು ಮೊದಲ ದಿನವಾದುದರಿಂದ ಅದಕ್ಕೆ ಗುರುವೂ ರಾಜರು. ಸೂರ್ಯನು ಮೇಷರಾಶಿಯನ್ನು ಪ್ರವೇಶಿಸುವ ವಾರದ ಗ್ರಹ ಮಂತ್ರಿ. ಆರಿದ್ರಾ ನಕ್ಷತ್ರವನ್ನು ಪ್ರವೇಶಿಸುವ ವಾರದ ಗ್ರಹ ಮೇಘಾಧಿಪತಿ. ಹತ್ತು ವರ್ಷದ ಬಾಲಕನೂ ಇದನ್ನು ಗೋಡೆಯ ಕ್ಯಾಲೆಂಡರು ನೋಡಿ ಲೆಕ್ಕಹಾಕಬಲ್ಲನು.

ರಾಜ ಮಂತ್ರಿಗಳಿಗಿಂತಲೂ ಆಸ್ಥೆಯಿಂದ ಕೇಳಲ್ಪಡುತ್ತಿದ್ದುದು ಮಳೆಯ ಭಾಗ. ರೋಹಿಣಿ, ಮಿರಗ, ಆರಿದ್ರಾ ಮಳೆಗಳು ಯಾವ ದಿನ ಹೂಡುತ್ತವೆ, ಹಿಂಗಾರಿ ಜೋಳಕ್ಕೆ ಬೇಕಾದ ಹಸ್ತ, ಚಿತ್ತಿ, ಸ್ವಾತಿಗಳು ಯಾವಾಗ ಬರುತ್ತವೆ ಎಂದು ಒಂದೊಂದು ನಕ್ಷತ್ರದ ಹದಿಮೂರು ಹದಿನಾಲ್ಕು ದಿನಗಳ ಲೆಕ್ಕವನ್ನು ಓದುತ್ತಿರುವಾಗ, ಕೇಳುತ್ತ ಕುಳಿತವರು ಹಿಂದಿನ ವರ್ಷ ಯಾವ ಮಳೆ ಕೈಕೊಟ್ಟಿತು, ಯಾವ ಮಳೆಗೆ ಕೂರಿಗೆ ಹೂಡಿದೆವು ಎಂದು ನಡುವೆ ಬಾಯಿಹಾಕುತ್ತಿದ್ದರು. ಓದುವುದು ನಿಂತು ಮಾತು ಮೊದಲಾಗುತ್ತಿತ್ತು. ಮಾತು ಮುಗಿದು ಓದು ಮುಂದುವರಿಯುತ್ತಿತ್ತು. ರಾಯಚೂರು ಜಿಲ್ಲೆಯ ರಾಜೋಳಿಬಂಡಾ ಆಣೆಕಟ್ಟಿನಿಂದ ಹೊರಟ ಕಾಲುವೆಯ ನೀರು ನಮ್ಮ ಕಡೆಯ ಕೊನೆಯಂಚಿನ ಹೊಲಗಳಿಗೆ ತಲಪಿತೋ ಇಲ್ಲವೋ ಎಂಬುದೂ, ಆ ವರ್ಷ ಮನೆಯಲ್ಲಿ ಹುಟ್ಟಿದವರು ಗತಿಸಿದವರು ಯಾರೆಂಬುದೂ ಅದೇ ಸಭೆಯಲ್ಲಿ ಪ್ರಸ್ತಾಪಕ್ಕೆ ಬರುತ್ತಿದ್ದುವು. ಮನೆಯೊಂದು ತನ್ನ ವರ್ಷವನ್ನು ತಾನೇ ಪರಾಮರ್ಶಿಸಿಕೊಳ್ಳುವ ಈ ಬಗೆಯ ಅವಕಾಶವು ಬೇರೆ ಯಾವ ಹಬ್ಬದಲ್ಲಿಯೂ ಇಲ್ಲ.

ಇಂದು ಪಂಚಾಂಗ ಶ್ರವಣವು ನಿಂತಿಲ್ಲ, ಸ್ಥಳಾಂತರಗೊಂಡಿದೆ. ದೂರದರ್ಶನದ ಪರದೆಯಲ್ಲಿ ಬೆಳಗಿನಿಂದಲೂ, ದೇವಸ್ಥಾನದ ಧ್ವನಿವರ್ಧಕದಲ್ಲಿ ಸಂಜೆಯ ವೇಳೆಗೂ ಅದು ಕೇಳಿಬರುತ್ತದೆ. ಅಲ್ಲಿ ಓದುವವರು ವಿದ್ವಾಂಸರು, ಅವರ ತೆಲುಗು ಸೊಗಸಾದುದು. ಆಸ್ಥಾನದಲ್ಲಿ ಕವಿ ಪಂಡಿತರನ್ನು ಪೋಷಿಸಿದ ಗದ್ವಾಲ ಸಂಸ್ಥಾನದ ನೆಲದಲ್ಲಿ ಅದು ಸಹಜವೂ ಹೌದು. ಆದರೆ ಆ ಓದುವಿಕೆಗೆ ಯಾರೂ ನಡುವೆ ಬಾಯಿಹಾಕಲಾರರು, ಅದರಲ್ಲಿ ನಮ್ಮ ಹೊಲದ ಮಾತು ಬರಲಾರದು. ಕನ್ನಡ ಮನೆಗಾದರೋ ನಷ್ಟವು ಇಮ್ಮಡಿ. ಸ್ನಾನಕ್ಕೆ ಭಾಷೆಯಿಲ್ಲ, ಬೇವಿಗೆ ಭಾಷೆಯಿಲ್ಲ, ಹೊಸ ಬಟ್ಟೆಗೆ ಭಾಷೆಯಿಲ್ಲ. ಈ ಹಬ್ಬದಲ್ಲಿ ಅಕ್ಷರವನ್ನು ಕಣ್ಣಿನಿಂದ ನೋಡಿ ಬಾಯಿಂದ ಓದಬೇಕಾದ ಸಂದರ್ಭವಿದ್ದುದು ಇದೊಂದೇ. ತೆಲಂಗಾಣದಲ್ಲಿಯೇ ಇರುವ ಕೃಷ್ಣಾ ಮಂಡಲದ ಕಡೆ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ಮಾನೋಪಾಡಿನ ಸುತ್ತಿನ ಕನ್ನಡ ಮನೆಗಳ ಮಕ್ಕಳಾದರೋ ಶಾಲೆಯಲ್ಲಿ ತೆಲುಗು ಇಂಗ್ಲಿಷುಗಳನ್ನು ಕಲಿತು, ಕನ್ನಡವನ್ನು ಅಜ್ಜಿಯೊಡನೆ ಆಡುತ್ತಾರಲ್ಲದೆ ಓದಲರಿಯರು. ವರ್ಷಕ್ಕೊಮ್ಮೆಯಾದರೂ ಕನ್ನಡದ ಪುಟವೊಂದು ಮನೆಯಲ್ಲಿ ಗಟ್ಟಿಯಾಗಿ ಓದಲ್ಪಡುತ್ತಿತ್ತು. ಅದನ್ನೂ ಪರದೆಗೆ ಒಪ್ಪಿಸಿಬಿಟ್ಟರೆ ಆ ಮಕ್ಕಳು ತಮ್ಮ ಮನೆಮಾತನ್ನು ಬರಹದಲ್ಲಿ ಎಲ್ಲಿ ಕಾಣಬೇಕು?

ಈ ಓದು ಅಲ್ಪವೆಂದು ಯಾರೂ ತಿಳಿಯಬಾರದು. ಬಾದಾಮಿಯ ಚಾಲುಕ್ಯರು ಏಳು ಎಂಟನೆಯ ಶತಮಾನಗಳಲ್ಲಿ ಕಟ್ಟಿಸಿದ ಆಲಂಪುರದ ನವಬ್ರಹ್ಮ ದೇವಾಲಯಗಳ ಪರಿಸರದಲ್ಲಿ ಕನ್ನಡ ಶಾಸನಗಳೂ ತೆಲುಗು ಶಾಸನಗಳೂ ದೊರೆತಿವೆ. ಶಾಸನಗಳು ಕಾಲವನ್ನು ನಿರ್ದೇಶಿಸುವ ಕ್ರಮವಾದರೂ ಯಾವುದು? ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ: ನಮ್ಮ ಪಂಚಾಂಗದ ಮೊದಲ ಪುಟದ ಕ್ರಮವೇ ಅದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಶಕವರ್ಷದ ಎಣಿಕೆಯನ್ನು ಬದಿಗಿಟ್ಟು ತನ್ನದೇ ಆದ ಚಾಲುಕ್ಯ ವಿಕ್ರಮವರ್ಷವನ್ನು ಸ್ಥಾಪಿಸಿದಾಗಲೂ, ನಳ ಸಂವತ್ಸರದ ಚೈತ್ರದಿಂದಲೇ ಅದನ್ನು ಎಣಿಸಿದನು. ಅರಸನು ಶಕವನ್ನು ಬದಲಾಯಿಸಿದನಲ್ಲದೆ ಯುಗಾದಿಯನ್ನು ಬದಲಾಯಿಸಲಿಲ್ಲ. ಸ್ವತಂತ್ರ ಭಾರತದ ಸರಕಾರವು ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವನ್ನು ಜಾರಿಗೆ ತಂದಾಗಲೂ ಮೊದಲ ತಿಂಗಳು ಚೈತ್ರವೇ ಆಯಿತು. ಸಂವತ್ಸರ, ಮಾಸ, ತಿಥಿಗಳನ್ನು ಮನೆಯಲ್ಲಿ ಓದಿ ಬಲ್ಲ ಮಗುವು ಆಲಂಪುರದ ಕಲ್ಲಿನ ಮುಂದೆ ಅಪರಿಚಿತನಂತೆ ನಿಲ್ಲಬೇಕಾಗುವುದಿಲ್ಲ.

ರಾಶಿಫಲದಲ್ಲಿ ನಂಬಿಕೆಯಿಲ್ಲದವರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಸಂಶಯವನ್ನು ನಾನು ಗೌರವಿಸುತ್ತೇನೆ. ಅಂಥವರು ರಾಶಿಫಲದ ಪುಟಗಳನ್ನು ಬಿಟ್ಟು, ಸಂವತ್ಸರ, ಋತು, ಮಳೆ, ಹಬ್ಬಹುಣ್ಣಿಮೆಗಳ ಪುಟಗಳನ್ನಷ್ಟೇ ಓದಬಹುದು. ಶ್ರವಣಕ್ಕೆ ಅದರಿಂದ ಕುಂದಿಲ್ಲ. ತೆಲುಗು ಮನೆಯಿಂದ ಬಂದ ಸೊಸೆಯಂದಿರು ಎಷ್ಟೋ ಕಡೆ ಇದ್ದಾರಲ್ಲ, ಅವರೇನು ಮಾಡಬೇಕೆಂದು ಕೇಳಬಹುದು. ಅವರು ತಮ್ಮ ಪಂಚಾಂಗವನ್ನು ತಮ್ಮ ಭಾಷೆಯಲ್ಲಿ ಓದಲಿ. ಒಂದೇ ಸಂವತ್ಸರದ ಹೆಸರು ಎರಡು ಲಿಪಿಗಳಲ್ಲಿ ಎಷ್ಟು ಹತ್ತಿರದಲ್ಲಿದೆಯೆಂಬುದನ್ನು ಮಕ್ಕಳು ಆಗ ತಾವೇ ಕಂಡುಕೊಳ್ಳುತ್ತಾರೆ, ಮತ್ತು ತೆಲುಗು ಅಕ್ಷರವನ್ನು ಬಲ್ಲವರಿಗೆ ಕನ್ನಡ ಅಕ್ಷರವು ಕೆಲವು ದಿನಗಳ ಅಭ್ಯಾಸದಿಂದಲೇ ವಶವಾಗುತ್ತದೆ. ಯಜಮಾನನೇ ಓದಬೇಕೆಂಬ ಹಳೆಯ ನಿಯಮವನ್ನಂತೂ ಈಗಲೇ ಕೈಬಿಡಬೇಕು. ವರ್ಷವಿಡೀ ಮನೆಯ ಲೆಕ್ಕವನ್ನೂ ಹೊಲದ ಕಷ್ಟವನ್ನೂ ಬಲ್ಲ ತಾಯಿಯು ಓದುವುದು, ಅವಳ ಪಕ್ಕದಲ್ಲಿ ಕುಳಿತ ಮಗಳು ಪುಟ ತಿರುವುವುದು ಹೆಚ್ಚು ಯುಕ್ತ.

ಊರಿನ ದೇವಸ್ಥಾನಗಳ ಸಮಿತಿಯವರಲ್ಲಿಯೂ ನನ್ನದೊಂದು ಬಿನ್ನಹವಿದೆ. ಕನ್ನಡ ಮನೆಗಳಿರುವ ಊರುಗಳಲ್ಲಿ ಯುಗಾದಿಯ ಸಂಜೆ ತೆಲುಗಿನ ಶ್ರವಣವು ಮುಗಿದ ಮೇಲೆ ಕಾಲು ಗಂಟೆಯ ಹೊತ್ತು ಕನ್ನಡದ ಓದಿಗೆ ಎಡೆಮಾಡಿಕೊಡಬೇಕು. ಶ್ರೀಶೈಲದ ದಾರಿಯಲ್ಲಿ ತಂಗಿದ ಯಾತ್ರಿಕರಿದ್ದರೆ ಅವರೂ ಬಂದು ಕೇಳುತ್ತಾರೆ. ಕೇಳಿದರೆ ಇಲ್ಲವೆನ್ನುವ ಊರು ಈ ಸೀಮೆಯಲ್ಲಿ ಇರಲಾರದೆಂಬುದು ನನ್ನ ದೃಢವಾದ ನಂಬಿಕೆ. ಆದರೆ ಅಲ್ಲಿ ನಿಂತು ಓದಬಲ್ಲ ಮಕ್ಕಳು ನಮ್ಮ ಮನೆಗಳಿಂದಲೇ ಬರಬೇಕಾಗಿರುವುದರಿಂದ ಸಿದ್ಧತೆಯು ಫಾಲ್ಗುಣದಲ್ಲಿಯೇ ಮೊದಲಾಗತಕ್ಕದ್ದು. ಗದ್ವಾಲದಿಂದ ರಾಯಚೂರಿಗೆ ರೈಲು ಓಡಾಡುತ್ತಿರುವ ಈ ಕಾಲದಲ್ಲಿ ಕನ್ನಡದ ಪಂಚಾಂಗವೊಂದನ್ನು ತರಿಸಿಕೊಳ್ಳುವುದು ಯಾರಿಗೂ ಭಾರವಲ್ಲ. ತಂದ ದಿನವೇ ಅದನ್ನು ದೇವರ ಕಪಾಟಿನಲ್ಲಿ ಇಟ್ಟುಬಿಡದೆ, ಸಂವತ್ಸರದ ಪುಟವನ್ನೂ ಮಳೆನಕ್ಷತ್ರಗಳ ಪುಟವನ್ನೂ ಮಗುವಿನ ಕೈಗೆ ಕೊಟ್ಟು, ಹಬ್ಬದ ತನಕ ದಿನಕ್ಕೆ ನಾಲ್ಕು ಸಾಲಿನಂತೆ ಅಜ್ಜಿಯ ಮುಂದೆ ಓದಿಸಬೇಕು.